ಅರಗಿನ ಮನೆಯೂ ಒಗಟಿನ ಕೋಣೆಯೂ

ಶಾಲಾ ಕಾಲೇಜುಗಳಿಗೆ ರಜೆ ಬಂದಿತೆಂದರೆ ನಮ್ಮ ತುಮಕೂರಿನ ತರುಣ ತರುಣಿಯರು ಐದಾರು ಮಂದಿ ಗುಂಪುಗೂಡಿ, ಬೆಳಗಿನ ರೈಲನ್ನು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿ ತಲೆಗಿಷ್ಟೆಂದು ಹಣ ತೆತ್ತು, ಒಂದು ಕೋಣೆಯೊಳಗೆ ತಮ್ಮನ್ನು ತಾವೇ ಕೂಡಿಹಾಕಿಸಿಕೊಂಡು, ನಿಯಮಿತ ಕಾಲದೊಳಗೆ ಅದರಿಂದ ಬಿಡಿಸಿಕೊಂಡು ಹೊರಬರುವ ವಿನೋದದಲ್ಲಿ ತೊಡಗುವುದು ಈಚೆಗೆ ರೂಢಿಯಾಗುತ್ತಿದೆ. ಎಸ್ಕೇಪ್ ರೂಮ್ ಎಂಬುದು ಇದರ ಹೆಸರು. ಈ ವಾರ್ತೆಯನ್ನು ಕೇಳಿದ ಹಿರಿಯರು, ಸೆರೆಮನೆಗೆ ಹೋಗುವುದಕ್ಕೂ ದುಡ್ಡು ಕೊಡುವ ಕಾಲ ಬಂದಿತೆ ಎಂದು ನಗುತ್ತಾರೆ. ನಗುವುದು ಸುಲಭವು. ಆದರೆ ನಾಡಿನ ಬುದ್ಧಿವಂತ ಮಕ್ಕಳು ತಮ್ಮ ಬಿಡುವಿನ ವೇಳೆಯನ್ನು ಯಾವುದರಲ್ಲಿ ಕಳೆಯುತ್ತಾರೆ ಎಂಬುದು ನಗೆಯಲ್ಲಿ ತೇಲಿಸಿಬಿಡತಕ್ಕ ವಿಷಯವಲ್ಲ. ಈ ಆಟವು ಒಳ್ಳೆಯದೆ, ಇದು ನಿರಪಾಯವೆ, ಇದು ನಮ್ಮದಾಗಬಲ್ಲುದೆ ಎಂಬ ಮೂರು ಪ್ರಶ್ನೆಗಳನ್ನು ನಮ್ಮ ಮಹಾಜನರೂ ಅಧಿಕಾರಿಗಳೂ ಸಾವಧಾನವಾಗಿ ಆಲೋಚಿಸಬೇಕಾಗಿದೆ.

ಆಟದ ಸ್ವರೂಪವನ್ನು ಅರಿಯದ ಓದುಗರಿಗಾಗಿ ಎರಡು ಮಾತು ಹೇಳುವುದು ಅವಶ್ಯಕ. ನಾಲ್ಕರಿಂದ ಆರು ಮಂದಿಯ ಒಂದು ತಂಡವನ್ನು ಸಜ್ಜುಗೊಳಿಸಿದ ಕೋಣೆಯೊಳಕ್ಕೆ ಬಿಡುತ್ತಾರೆ. ಕೋಣೆಗೆ ಒಂದು ಕಥೆಯುಂಟು. ಅದು ಮೃತನಾದ ಪಂಡಿತನೊಬ್ಬನ ಓದುವ ಮನೆಯಾಗಿರಬಹುದು, ಕಳ್ಳರು ನುಗ್ಗಿದ ಬ್ಯಾಂಕಾಗಿರಬಹುದು, ಪುರಾತನ ಸಮಾಧಿಯಾಗಿರಬಹುದು. ಗೋಡೆಯ ಮೇಲಿನ ಪಟಗಳಲ್ಲಿ, ಮೇಜಿನ ಖಾನೆಗಳಲ್ಲಿ, ಪುಸ್ತಕಗಳ ನಡುವೆ, ನಿಂತುಹೋದ ಗಡಿಯಾರದ ಮುಳ್ಳುಗಳಲ್ಲಿ ಸುಳಿವುಗಳು ಅಡಗಿರುತ್ತವೆ. ಒಂದು ಸುಳಿವಿನಿಂದ ಒಂದು ಅಂಕೆ, ಆ ಅಂಕೆಯಿಂದ ಒಂದು ಬೀಗ, ಆ ಬೀಗದೊಳಗೆ ಇನ್ನೊಂದು ಸುಳಿವು, ಹೀಗೆ ಸರಪಣಿಯಂತೆ ಮುಂದುವರಿದು ಕಡೆಯ ಬಾಗಿಲು ತೆರೆಯಬೇಕು. ಕಾಲಾವಧಿ ಸಾಮಾನ್ಯವಾಗಿ 60 ನಿಮಿಷ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗಳಿಗೆ. ಹೊರಗೆ ಕುಳಿತ ಮೇಲ್ವಿಚಾರಕನು ಕ್ಯಾಮರಾದ ಮೂಲಕ ಎಲ್ಲವನ್ನೂ ನೋಡುತ್ತಿದ್ದು, ತಂಡವು ದಾರಿಗಾಣದೆ ನಿಂತಾಗ ಒಂದೊಂದು ಸೂಚನೆಯನ್ನು ಕೊಡುತ್ತಾನೆ.

ಈ ವಿನೋದವು ನಿನ್ನೆ ಮೊನ್ನೆ ಆಕಾಶದಿಂದ ಬಿದ್ದುದಲ್ಲ. ಅಮೆರಿಕದ ವಿಲ್ ಕ್ರೌದರ್ ಎಂಬ ಗಣಕಯಂತ್ರ ನಿಪುಣನು ತಾನು ಸಂಚರಿಸಿದ್ದ ಕೆಂಟಕಿಯ ಮಹಾಗುಹೆಗಳನ್ನು ನೆನೆದು 1976ರ ಸುಮಾರಿಗೆ ಬರೆದ ಗುಹಾಸಂಚಾರದ ಆಟದಲ್ಲಿ ಇದರ ಒಂದು ಬೇರಿದೆ. 2004ರಲ್ಲಿ ಜಪಾನಿನ ತೊಷಿಮಿತ್ಸು ತಕಾಗಿ ಎಂಬವರು, ಬೀಗ ಹಾಕಿದ ಕೆಂಪು ಕೋಣೆಯೊಂದರಿಂದ ತಪ್ಪಿಸಿಕೊಳ್ಳುವ ಆಟವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. 2007ರಲ್ಲಿ ತಕಾವೊ ಕಾಟೊ ಎಂಬವರು ಕ್ಯೋಟೊ ನಗರದಲ್ಲಿ ಇದನ್ನು ತೆರೆಯ ಮೇಲಿಂದ ಇಳಿಸಿ ನಿಜವಾದ ಕೋಣೆಗೆ ತಂದರು. 2011ರಲ್ಲಿ ಹಂಗೆರಿಯ ಬುಡಾಪೆಸ್ಟಿನಲ್ಲಿ ಇಂತಹ ಕೋಣೆ ತೆರೆದುದೇ ತಡ, ಕೆಲವೇ ವರ್ಷಗಳಲ್ಲಿ ಯೂರೋಪು ಅಮೆರಿಕಗಳಲ್ಲೆಲ್ಲ ಹಬ್ಬಿ, ಕಳೆದ ದಶಕದಲ್ಲಿ ನಮ್ಮ ದೇಶದ ದೊಡ್ಡ ಪಟ್ಟಣಗಳಿಗೂ ಕಾಲಿಟ್ಟಿತು. ಸ್ಕಾಟ್ ನಿಕೋಲ್ಸನ್ ಎಂಬ ಪ್ರಾಧ್ಯಾಪಕರು 2015ರಲ್ಲಿ ಲೋಕದ ನಾನಾ ಕಡೆಯ 175 ಕೇಂದ್ರಗಳನ್ನು ಪರಿಶೀಲಿಸಿ ವರದಿಯೊಂದನ್ನು ಪ್ರಕಟಿಸಿದರು. ಈ ಆಟದ ಪೂರ್ವಜರಲ್ಲಿ ಗಣಕದ ಆಟಗಳೊಂದಿಗೆ, ಪ್ರೇಕ್ಷಕರನ್ನೂ ಒಳಗೊಳ್ಳುವ ನಾಟಕಗಳನ್ನು ಅವರು ಎಣಿಸಿರುವುದು ಗುಬ್ಬಿಯ ಹೆಸರನ್ನು ಹೊತ್ತ ಈ ಜಿಲ್ಲೆಯವರು ಗಮನಿಸತಕ್ಕ ಸಂಗತಿಯಾಗಿದೆ.

ಇದೆಲ್ಲವೂ ಪರದೇಶದ ಸರಕು, ನಮಗೇಕೆ ಎನ್ನುವವರಿಗೆ ಒಂದು ಮಾತು. ಬುದ್ಧಿಯನ್ನು ಒಗಟಿನ ಸಾಣೆಗೆ ಹಿಡಿಯುವ ವಿದ್ಯೆಯನ್ನು ಹೊರಗಿನಿಂದ ಕಲಿಯಬೇಕಾದ ದಾರಿದ್ರ್ಯ ನಮಗೆ ಎಂದೂ ಇರಲಿಲ್ಲ. ಪ್ರಹೇಳಿಕೆಯನ್ನು ನಮ್ಮವರು ಅರುವತ್ತನಾಲ್ಕು ಕಲೆಗಳಲ್ಲಿ ಒಂದಾಗಿ ಗಣಿಸಿದರು. ಚದುರಂಗದ ಕುದುರೆಯು ಒಂದು ಮನೆಯನ್ನೂ ಎರಡು ಸಲ ತುಳಿಯದೆ ಎಲ್ಲ ಮನೆಗಳನ್ನೂ ಸುತ್ತಿ ಬರುವ ಒಗಟನ್ನು ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ಪದ್ಯರೂಪದಲ್ಲಿ ಬಿಡಿಸಿದನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಅದೇ ಒಗಟನ್ನು ರಾಜವಿನೋದಗಳ ಸಾಲಿನಲ್ಲಿಟ್ಟಿತು. ಮುಮ್ಮಡಿ ಕೃಷ್ಣರಾಜ ಒಡೆಯರು ರಾಜ್ಯಭಾರವನ್ನು ಆಂಗ್ಲರು ಕಸಿದುಕೊಂಡ ಮೇಲೆ ಮೈಸೂರಿನ ಅರಮನೆಯಲ್ಲಿ ಕುಳಿತು ಮಣೆಯಾಟಗಳನ್ನೂ ಅಂಕಬಂಧಗಳನ್ನೂ ಕುದುರೆಯ ನಡೆಯ ಹೊಸ ಹೊಸ ಪರಿಹಾರಗಳನ್ನೂ ಕಲ್ಪಿಸಿದರು. ಹಳ್ಳಿಯ ಜಗುಲಿಗಳಲ್ಲಿ ಅಜ್ಜಿಯಂದಿರು ಹೇಳುವ ಒಗಟುಗಳಿಗೆ ಲೆಕ್ಕವಿಲ್ಲ. ಶರಣರು ಪರಮಾರ್ಥವನ್ನೇ ಬೆಡಗಿನಲ್ಲಿ ಮುಚ್ಚಿಟ್ಟರು. ಆ ಬೆಡಗಿನ ವಚನಗಳಿಗೆ ಟೀಕೆ ಬರೆದು ಬೀಗದ ಕೈಯನ್ನು ಮುಂದಿನವರಿಗೆ ಒಪ್ಪಿಸಿದ ಪರಂಪರೆಯಲ್ಲಿ, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳ ಬಳಿಯವರ ಸ್ಥಾನವು ಹಿರಿದು. ಯಕ್ಷನ ಪ್ರಶ್ನೆಗಳಿಗೆ ಧರ್ಮರಾಯನು ಉತ್ತರ ಕೊಟ್ಟು ತಮ್ಮಂದಿರ ಪ್ರಾಣವನ್ನು ಹಿಂದಕ್ಕೆ ಪಡೆದ ಕಥೆಯನ್ನು ಕೇಳಿ ಬೆಳೆದ ಜನಾಂಗವು ಒಗಟಿನ ಕೋಣೆಯನ್ನು ಕಂಡು ಬೆರಗಾಗಬೇಕಾದುದಿಲ್ಲ.

ಇನ್ನು ಆಟದ ಪ್ರಯೋಜನದ ಮಾತು. ನಮ್ಮ ವಿದ್ಯಾಭ್ಯಾಸಪದ್ಧತಿಯ ದೊಡ್ಡ ಕೊರತೆಯೆಂದರೆ, ಬಾಲಕನು ಹನ್ನೆರಡು ವರ್ಷ ಶಾಲೆಯಲ್ಲಿ ಕುಳಿತರೂ ಪಕ್ಕದವನೊಡನೆ ಕೂಡಿ ಆಲೋಚಿಸುವುದನ್ನು ಕಲಿಯುವುದಿಲ್ಲ. ಪಕ್ಕದವನ ಹಾಳೆಯ ಕಡೆ ಕಣ್ಣು ಹಾಯಿಸುವುದೇ ಅಪರಾಧವಾಗಿರುವಲ್ಲಿ ಅವನಿಗೆ ಒಬ್ಬನೇ ಗೆಲ್ಲುವ ಹಟ ಬರುತ್ತದೆ. ಹತ್ತು ಜನರ ಬುದ್ಧಿಯನ್ನು ಒಂದು ಕಾರ್ಯಕ್ಕೆ ಹೊಂದಿಸುವ ಜಾಣ್ಮೆ ಬರುವುದಿಲ್ಲ. ಒಗಟಿನ ಕೋಣೆಯ ನಿಯಮವು ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಪರೀಕ್ಷೆಯಲ್ಲಿ ಮೊದಲನೆಯವನಾಗಿ ತೇರ್ಗಡೆ ಹೊಂದಿದವನ ಲೆಕ್ಕವೂ ಬೇಕು, ಸೈಕಲ್ ಅಂಗಡಿಯ ಹುಡುಗನ ಕೈಚಳಕವೂ ಬೇಕು. ಸಂಗೀತ ಬಲ್ಲವಳ ಕಿವಿಯೂ ಬೇಕು, ಮೌನಿಯಾಗಿ ಮೂಲೆಯಲ್ಲಿ ನಿಂತವನ ಸೂಕ್ಷ್ಮದೃಷ್ಟಿಯೂ ಬೇಕು. ತನಗೆ ದೊರೆತ ಸುಳಿವನ್ನು ಜೇಬಿನಲ್ಲಿಟ್ಟುಕೊಂಡವನು ತಂಡವನ್ನೇ ಸೋಲಿಸುತ್ತಾನೆ. ಎಲ್ಲರೂ ಏಕಕಾಲದಲ್ಲಿ ಮಾತನಾಡಿದರೆ ಯಾರ ಮಾತೂ ಕೇಳಿಸುವುದಿಲ್ಲ. ನಮ್ಮ ಪೌರಸಂಸ್ಥೆಗಳ ಸಭೆಗಳನ್ನು ಕಂಡವರಿಗೆ ಈ ಪಾಠದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಸ್ವಾತಂತ್ರ್ಯ ಸಂಗ್ರಾಮದ ಇತಿಹಾಸದಲ್ಲಿಯೂ ಇದಕ್ಕೆ ಉಜ್ವಲವಾದ ನಿದರ್ಶನವಿದೆ. 1942ರ ದೀಪಾವಳಿಯ ರಾತ್ರಿ ಜಯಪ್ರಕಾಶ ನಾರಾಯಣರೂ ಅವರ ಐವರು ಸಂಗಡಿಗರೂ ಧೋತರಗಳನ್ನು ಗಂಟು ಹಾಕಿ ಹಜಾರಿಬಾಗ್ ಸೆರೆಮನೆಯ ಎತ್ತರವಾದ ಗೋಡೆಯನ್ನು ದಾಟಿ ಹೊರಬಂದರು. ಗೋಡೆಯನ್ನು ಏರಿದವರ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಆದರೆ ಆ ರಾತ್ರಿ ಹಬ್ಬದ ಸಂಭ್ರಮದ ನೆಪದಲ್ಲಿ ಕಾವಲುಗಾರರ ಗಮನವನ್ನು ಬೇರೆಡೆಗೆ ಸೆಳೆದು, ತಾವು ಮಾತ್ರ ಒಳಗೇ ಉಳಿದ ಬಂದಿಗಳಿಲ್ಲದೆ ಆ ಬಿಡುಗಡೆ ಸಾಧ್ಯವಾಗುತ್ತಿರಲಿಲ್ಲ. ವಿನೋದದ ಕೋಣೆಯನ್ನು ಆ ಮಹತ್ಕಾರ್ಯಕ್ಕೆ ಸಮಾನವೆಂದು ಹೇಳುವಷ್ಟು ಅವಿವೇಕ ನಮಗಿಲ್ಲ. ಬಿಡುಗಡೆಯೆಂಬುದು ಒಬ್ಬನ ಬುದ್ಧಿಯಿಂದ ಸಿದ್ಧಿಸತಕ್ಕುದಲ್ಲವೆಂಬ ಸತ್ಯವನ್ನು ಮಕ್ಕಳು ಆಟದಲ್ಲಿಯೇ ಕಲಿತರೆ ಅದು ಲಾಭವೇ ಎಂಬಷ್ಟೇ ನಮ್ಮ ಅಭಿಪ್ರಾಯ.

ಆದುದರಿಂದ ಮೊದಲನೆಯ ಪ್ರಶ್ನೆಗೆ ನಮ್ಮ ಉತ್ತರವು ನಿಸ್ಸಂದಿಗ್ಧವಾಗಿದೆ. ಆಟವು ಒಳ್ಳೆಯದು. ಎರಡನೆಯ ಪ್ರಶ್ನೆಗೆ ಬಂದಾಗ ಮಾತ್ರ ನಮ್ಮ ಲೇಖನಿಯು ತಡೆಯುತ್ತದೆ.

2019ರ ಜನವರಿ 4ರಂದು ಪೋಲೆಂಡ್ ದೇಶದ ಕೊಶಾಲಿನ್ ಎಂಬ ಪಟ್ಟಣದಲ್ಲಿ ಹದಿನೈದು ವರ್ಷದ ಐವರು ಬಾಲಕಿಯರು ತಮ್ಮಲ್ಲೊಬ್ಬಳ ಹುಟ್ಟಿದ ದಿನವನ್ನು ಆಚರಿಸುವುದಕ್ಕೆಂದು ಇಂತಹದೊಂದು ಕೋಣೆಯನ್ನು ಹೊಕ್ಕರು. ಪಕ್ಕದಲ್ಲಿ ಕೋಣೆಯನ್ನು ಬೆಚ್ಚಗಿಡಲು ಇಟ್ಟಿದ್ದ ಅನಿಲದ ಒಲೆಯಿಂದ ಬೆಂಕಿ ಎದ್ದಿತು. ಕೋಣೆಯ ಬಾಗಿಲನ್ನು ಒಳಗಿನಿಂದ ತೆರೆಯುವ ಉಪಾಯವಿರಲಿಲ್ಲ. ಐವರೂ ಹೊಗೆಯಲ್ಲಿ ಉಸಿರುಕಟ್ಟಿ ಮಡಿದರು. ಆ ಮೇಲೆ ಪೋಲೆಂಡಿನ ಸರಕಾರವು ದೇಶದ ಎಲ್ಲ ಕೋಣೆಗಳನ್ನೂ ತನಿಖೆ ಮಾಡಿಸಿ ಅನೇಕವನ್ನು ಮುಚ್ಚಿಸಿತು. ಸತ್ತವರು ಅದರಿಂದ ಎದ್ದು ಬರಲಿಲ್ಲ.

ಪೋಲೆಂಡು ದೂರವೆನ್ನುವವರು ರಾಜಕೋಟೆಯನ್ನು ನೆನೆಯಲಿ. 2024ರ ಮೇ 25ರಂದು, ಬೇಸಿಗೆಯ ರಜೆಯ ಒಂದು ಶನಿವಾರ, ಗುಜರಾತಿನ ಆ ನಗರದ ಆಟದ ಕೇಂದ್ರವೊಂದರಲ್ಲಿ ಬೆಂಕಿ ಬಿದ್ದು ಮಕ್ಕಳೂ ಸೇರಿ 27 ಮಂದಿ ಸುಟ್ಟುಹೋದರು. ಬೆಸುಗೆಯ ಕೆಲಸದ ಕಿಡಿಯು ತಗಡು, ಫೋಮು, ಪ್ಲಾಸ್ಟಿಕ್ಕುಗಳಿಂದ ಎಬ್ಬಿಸಿದ್ದ ಕಟ್ಟಡವನ್ನು ನಿಮಿಷಗಳಲ್ಲಿ ಆವರಿಸಿತು. ಅಗ್ನಿಶಾಮಕ ಇಲಾಖೆಯ ಒಪ್ಪಿಗೆಯಿಲ್ಲದೆಯೇ ಕೇಂದ್ರವು ನಡೆಯುತ್ತಿತ್ತೆಂಬುದು ಬೆಂಕಿ ಆರಿದ ಮೇಲೆ ಬೆಳಕಿಗೆ ಬಂದಿತು. ಗುಜರಾತಿನ ಉಚ್ಚ ನ್ಯಾಯಾಲಯವು ಮರುದಿನವೇ ತಾನಾಗಿ ವಿಚಾರಣೆಗೆ ತೆಗೆದುಕೊಂಡು ಇದು ಮೇಲ್ನೋಟಕ್ಕೆ ಮನುಷ್ಯರು ತಂದ ವಿಪತ್ತೆಂದು ಅಭಿಪ್ರಾಯಪಟ್ಟಿತು. ರಾಜಕೋಟೆಯೂ ದೂರವೆಂದರೆ ಬೆಂಗಳೂರೇ ಇದೆ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಮಡಿದರು; ಅವರಲ್ಲಿ ಬಹುಮಂದಿ ಮಕ್ಕಳು. ಈ ಎಲ್ಲ ಸ್ಥಳಗಳಲ್ಲಿಯೂ ಮಕ್ಕಳು ವಿನೋದಕ್ಕೆಂದು ಹೋಗಿದ್ದರು. ತಾಯಿತಂದೆಗಳು ಹಣ ಕೊಟ್ಟು ಕಳುಹಿಸಿದ್ದರು.

ಈ ಸಂದರ್ಭದಲ್ಲಿ ನಮಗೆ ಭಾರತದ ಅರಗಿನ ಮನೆಯು ನೆನಪಾಗುತ್ತದೆ. ವಾರಣಾವತದಲ್ಲಿ ಪುರೋಚನನು ಕಟ್ಟಿಸಿದ ಆ ಅರಮನೆಯೂ ನೋಡುವುದಕ್ಕೆ ಸುಂದರವಾಗಿಯೇ ಇತ್ತು. ವಿದುರನು ಇತರರಿಗೆ ತಿಳಿಯದ ಮಾತಿನಲ್ಲಿ, ಒಗಟಿನ ರೂಪದಲ್ಲಿ, ಬೆಂಕಿಯ ಭಯವನ್ನೂ ಬಿಲ ತೋಡುವ ಉಪಾಯವನ್ನೂ ಧರ್ಮರಾಯನಿಗೆ ಸೂಚಿಸಿದನು. ಆ ಒಗಟನ್ನು ಬಿಡಿಸಿದುದರಿಂದ ಪಾಂಡವರು ಮೊದಲು ಹೊರದಾರಿಯನ್ನು ಸಿದ್ಧಪಡಿಸಿಕೊಂಡು, ಆ ಮೇಲೆ ಆ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಿದರು. ಈ ಭಾಗವನ್ನು ಎಲ್ಲರೂ ಬಲ್ಲರು. ಅದೇ ರಾತ್ರಿ ಅದೇ ಮನೆಯಲ್ಲಿ ಮಲಗಿದ್ದ ನಿಷಾದ ಸ್ತ್ರೀಯೊಬ್ಬಳೂ ಅವಳ ಐವರು ಮಕ್ಕಳೂ ಬೆಂದು ಬೂದಿಯಾದರೆಂಬ ಭಾಗವನ್ನು ನಾವು ಬೇಗನೆ ದಾಟಿಬಿಡುತ್ತೇವೆ. ವಿದುರನ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಸುರಂಗದ ಬಾಯಿ ಎಲ್ಲಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೊರದಾರಿಯು ಜಾಣರಿಗೆ ಮಾತ್ರ ತಿಳಿಯತಕ್ಕ ಗುಟ್ಟಾಗಿರುವ ಮನೆಯು ಯಾವ ಯುಗದಲ್ಲಿಯೂ ಅರಗಿನ ಮನೆಯೇ ಸರಿ. ಆಟದ ಬಾಗಿಲು ಒಗಟಾಗಿರಲಿ. ಪ್ರಾಣದ ಬಾಗಿಲು ಎಂದಿಗೂ ಒಗಟಾಗಬಾರದು.

ತುಮಕೂರು ಬೆಳೆಯುತ್ತಿರುವ ನಗರ. ಬೆಂಗಳೂರಿನ ವಿನೋದಗಳು ಎಪ್ಪತ್ತು ಕಿಲೋಮೀಟರ್ ದೂರವನ್ನು ದಾಟಿ ಇಲ್ಲಿಗೆ ಬರುವುದಕ್ಕೆ ಬಹುಕಾಲ ಬೇಕಾಗುವುದಿಲ್ಲ. ಹಳೆಯ ಗೋದಾಮನ್ನೋ, ಅಂಗಡಿಸಾಲಿನ ಮೇಲಂತಸ್ತನ್ನೋ, ಕಾರುಗಳನ್ನು ನಿಲ್ಲಿಸುವ ನೆಲಮಾಳಿಗೆಯನ್ನೋ ಬಾಡಿಗೆಗೆ ಹಿಡಿದು, ಹಲಗೆ ಬಟ್ಟೆಗಳ ಗೋಡೆಗಳನ್ನೆಬ್ಬಿಸಿ, ಇಂತಹ ಆಟಗಳನ್ನು ಆರಂಭಿಸುವುದಕ್ಕೆ ದೊಡ್ಡ ಬಂಡವಾಳವೇನೂ ಬೇಡ. ದುರಂತವು ನಡೆದ ಮೇಲೆ ಆಯೋಗವನ್ನು ನೇಮಿಸುವುದಕ್ಕಿಂತ ಅದಕ್ಕೆ ಮೊದಲೇ ಷರತ್ತುಗಳನ್ನು ಗೊತ್ತುಮಾಡುವುದು ಆಡಳಿತದ ಲಕ್ಷಣ. ಆದುದರಿಂದ ಜಿಲ್ಲಾಧಿಕಾರಿಗಳೂ ಮಹಾನಗರಪಾಲಿಕೆಯವರೂ ಗುಬ್ಬಿ ಕುಣಿಗಲ್ಲುಗಳ ಪೌರಸಂಸ್ಥೆಗಳವರೂ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯವರೊಡನೆ ಕುಳಿತು ಈ ಕೆಳಗಣ ಅಂಶಗಳನ್ನು ಪರವಾನಗಿಯ ಷರತ್ತುಗಳನ್ನಾಗಿ ಮಾಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ಮೊದಲನೆಯದಾಗಿ, ಆಟಗಾರರು ಒಳಗಿರುವಾಗ ಕೋಣೆಯ ಬಾಗಿಲಿಗೆ ನಿಜವಾದ ಬೀಗವನ್ನು ಹಾಕತಕ್ಕುದಲ್ಲ. ಒಳಗಿನಿಂದ ಒಂದೇ ತಳ್ಳಿಗೆ ತೆರೆಯುವ, ಹೊರಮುಖವಾಗಿ ತಿರುಗುವ ಬಾಗಿಲು ಇರಲೇಬೇಕು. ಎರಡನೆಯದಾಗಿ, ವಿದ್ಯುತ್ತಿನಿಂದ ಹಿಡಿದಿಡುವ ಬೀಗಗಳಿದ್ದರೆ ವಿದ್ಯುತ್ತು ನಿಂತೊಡನೆ ಅವು ತಾವಾಗಿ ಬಿಟ್ಟುಕೊಳ್ಳುವಂತಿರಬೇಕು. ನಮ್ಮ ಊರಿನಲ್ಲಿ ವಿದ್ಯುತ್ತು ನಿಲ್ಲುವುದು ಅಪರೂಪದ ಘಟನೆಯಲ್ಲ. ಮೂರನೆಯದಾಗಿ, ಕಟ್ಟಡಕ್ಕೆ ಎರಡು ಪ್ರತ್ಯೇಕ ಹೊರದಾರಿಗಳಿದ್ದು, ಅವುಗಳೆದುರು ಕುರ್ಚಿ, ಪೆಟ್ಟಿಗೆ, ಮೋಟಾರುಸೈಕಲ್ಲುಗಳನ್ನು ಒಟ್ಟುವುದನ್ನು ಅಪರಾಧವೆಂದೇ ಎಣಿಸಬೇಕು. ನಾಲ್ಕನೆಯದಾಗಿ, ಕೋಣೆಯ ಅಲಂಕಾರಕ್ಕೆ ಬೇಗ ಹೊತ್ತಿಕೊಳ್ಳುವ ಫೋಮು, ಥರ್ಮೋಕೋಲು, ನೈಲಾನು ಬಟ್ಟೆಗಳನ್ನು ಬಳಸಕೂಡದು; ಆಟ ನಡೆಯುತ್ತಿರುವಾಗ ಬೆಸುಗೆ ಮುಂತಾದ ಕಿಡಿ ಹಾರುವ ಕೆಲಸ ನಡೆಯಕೂಡದು. ಐದನೆಯದಾಗಿ, ಮೇಲ್ವಿಚಾರಕನು ಆಟದ ಉದ್ದಕ್ಕೂ ತನ್ನ ಸ್ಥಳವನ್ನು ಬಿಡಕೂಡದು; ಬೆಂಕಿಯ ಸಮಯದಲ್ಲಿ ಏನು ಮಾಡಬೇಕೆಂಬ ಅಭ್ಯಾಸ ಅವನಿಗಾಗಿರಬೇಕು. ಆರನೆಯದಾಗಿ, ಆಟಕ್ಕೆ ಮೊದಲು ಹೊರದಾರಿಯನ್ನು ಪ್ರತಿಯೊಬ್ಬ ಆಟಗಾರನಿಗೂ ಕಣ್ಣಾರೆ ತೋರಿಸಿ, ಕನ್ನಡದಲ್ಲಿ ತಿಳಿಯಹೇಳಬೇಕು. ಈ ಷರತ್ತುಗಳಲ್ಲಿ ಒಂದೂ ಆಟದ ರಸವನ್ನು ಕೆಡಿಸುವುದಿಲ್ಲ. ತಾನು ಬೇಕೆಂದಾಗ ಹೊರಹೋಗಬಲ್ಲೆನೆಂಬ ಧೈರ್ಯವಿದ್ದವನೇ ಒಗಟನ್ನು ಸ್ವಸ್ಥಚಿತ್ತದಿಂದ ಬಿಡಿಸಬಲ್ಲನು.

ಅಧಿಕಾರಿಗಳಿಗೆ ಹೇಳಿದ ಮೇಲೆ ತಾಯಿತಂದೆಗಳಿಗೂ ಒಂದು ಮಾತು. ಮಕ್ಕಳನ್ನು ಕಳುಹಿಸುವ ಮುನ್ನ ಟಿಕೆಟ್ಟಿನ ಬೆಲೆಯನ್ನು ಕೇಳುವವರು ಹೊರಬಾಗಿಲನ್ನೂ ಕೇಳಬೇಕು. ಬಾಗಿಲು ಒಳಗಿನಿಂದ ತೆರೆಯುವುದೆ ಎಂಬ ಒಂದು ಪ್ರಶ್ನೆಯನ್ನು ಸಾವಿರ ಮಂದಿ ಕೇಳಿದರೆ, ಇಲಾಖೆಯ ನೂರು ನೋಟೀಸುಗಳಿಂದ ಆಗದ ಕೆಲಸ ಆಗುವುದು.

ಅಂತರ್ಜಾಲದಲ್ಲಿ ಆಡುವ ಒಗಟಿನ ಆಟಗಳಿಗೆ ಬೆಂಕಿಯ ಭಯವಿಲ್ಲ. 2020ರಲ್ಲಿ ಕೋವಿಡ್ ಮಹಾಮಾರಿಯಿಂದ ಲೋಕವೆಲ್ಲ ಬಾಗಿಲು ಮುಚ್ಚಿಕೊಂಡು ಕುಳಿತಾಗ, ಈ ಕೋಣೆಗಳ ಮಾಲೀಕರು ಆಟವನ್ನೇ ಗಣಕಯಂತ್ರದ ಪರದೆಯ ಮೇಲೆ ನಡೆಸತೊಡಗಿದರು. ಕ್ಯಾಲಿಫೋರ್ನಿಯದಲ್ಲಿರುವ ಮಗನೂ ಕುಣಿಗಲ್ಲಿನಲ್ಲಿರುವ ತಂದೆಯೂ ಒಂದೇ ಹೊತ್ತಿಗೆ ಒಂದೇ ಒಗಟನ್ನು ಬಿಡಿಸುವುದು ಈಗ ಅಸಾಧ್ಯವೇನೂ ಅಲ್ಲ; ವಾರಕ್ಕೊಮ್ಮೆ ಕ್ಷೇಮಸಮಾಚಾರದ ನಾಲ್ಕು ಮಾತಾಡಿ ಮುಗಿಸುವುದಕ್ಕಿಂತ ಇದು ಲೇಸು. ಆದರೆ ಅಲ್ಲಿಯ ಅಪಾಯ ಬೇರೆ ಬಗೆಯದು. ಬುದ್ಧಿಯ ಆಟವೆಂಬ ಹಣೆಪಟ್ಟಿಯ ಹಿಂದೆ ಜೂಜು ಅಡಗಿಕೊಳ್ಳುವುದು ಅಲ್ಲಿ ಅತಿ ಸುಲಭ. ನಮ್ಮ ರಾಜ್ಯವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಪಣವೊಡ್ಡಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ವಿಧಿಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವು, ಆಟವು ಜಾಣ್ಮೆಯದೇ ಆಗಿರಲಿ ಅದೃಷ್ಟದ್ದೇ ಆಗಿರಲಿ, ಹಣದ ಆಸೆಗೆ ಹಣವನ್ನು ಒಡ್ಡುವುದಾದರೆ ಅದು ನಿಷಿದ್ಧವೆಂದಿತು. ಪಣವಿಲ್ಲದ ವಿನೋದ ಮತ್ತು ಶಿಕ್ಷಣದ ಆಟಗಳಿಗೆ ಪ್ರೋತ್ಸಾಹದ ಮಾತನ್ನೂ ಆಡಿತು. ಈ ಭೇದವು ವಿವೇಕಯುತವಾದುದು. ಟಿಕೆಟ್ಟು ಕೊಂಡು ನಾಟಕ ನೋಡುವವನಿಗೂ ಪಗಡೆಯಲ್ಲಿ ರಾಜ್ಯವನ್ನೊಡ್ಡಿದವನಿಗೂ ಇರುವ ಅಂತರವನ್ನು ಈ ದೇಶದ ಜನಕ್ಕೆ ಹೊಸದಾಗಿ ಬೋಧಿಸಬೇಕೆ? ಒಗಟಿನ ಆಟಕ್ಕೆ ಪ್ರವೇಶಧನವಿರಬಹುದು, ಪಣವಿರಕೂಡದು. ಮಕ್ಕಳ ಕೈಗೆ ಮೊಬೈಲನ್ನು ಕೊಟ್ಟವರು, ಒಂದು ಸುಳಿವಿಗೆ ಇಷ್ಟು, ಒಂದು ಪೆಟ್ಟಿಗೆ ತೆರೆಯಲು ಇಷ್ಟು ಎಂದು ಬಿಡಿಬಿಡಿಯಾಗಿ ಹಣವನ್ನು ಸೆಳೆಯುವ ಆಟಗಳ ಮೇಲೆ ಕಣ್ಣಿಟ್ಟಿರತಕ್ಕುದು.

ಕಡೆಯ ಪ್ರಶ್ನೆಯು ನಮಗೆ ಎಲ್ಲಕ್ಕಿಂತ ಹತ್ತಿರವಾದುದು. ಈ ಕೋಣೆಗಳ ಕಥೆಗಳು ಯಾರವು? ಇಂಗ್ಲೆಂಡಿನ ಪತ್ತೇದಾರ, ಈಜಿಪ್ಟಿನ ಫೇರೋ, ಅಮೆರಿಕದ ಬ್ಯಾಂಕು, ಜರ್ಮನಿಯ ಸೈನ್ಯ. ಸುಳಿವುಗಳ ಭಾಷೆ ಯಾವುದು? ಬಹುಮಟ್ಟಿಗೆ ಇಂಗ್ಲಿಷು. ಕನ್ನಡದ ಹುಡುಗನೊಬ್ಬನು ಕನ್ನಡನಾಡಿನ ರಾಜಧಾನಿಯಲ್ಲಿ ಒಗಟೊಂದನ್ನು ಬಿಡಿಸಲು ಮೊದಲು ಇಂಗ್ಲಿಷಿನ ಬೀಗವನ್ನು ತೆರೆಯಬೇಕಾಗಿದೆ. ಪರದೇಶದ ಕಥೆಗಳ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಒಂದು ಭಾಷೆಯಲ್ಲಿ ಆಟವಾಡುವುದು ನಿಂತುಹೋದರೆ ಆ ಭಾಷೆಯಲ್ಲಿ ಆಲೋಚಿಸುವುದೂ ಕಾಲಕ್ರಮದಲ್ಲಿ ನಿಲ್ಲುತ್ತದೆ. ಒಗಟನ್ನು ಮರೆತ ಭಾಷೆಯು ಅರ್ಜಿ ಬರೆಯುವುದಕ್ಕೂ ಭಾಷಣ ಮಾಡುವುದಕ್ಕೂ ಮಾತ್ರ ಉಳಿಯುವುದು.

ಆದುದರಿಂದ ನಮ್ಮ ಜಿಲ್ಲೆಯ ಉತ್ಸಾಹಿಗಳು ಬೆಂಗಳೂರಿನ ನಕಲನ್ನು ತರುವ ಬದಲು ಇಲ್ಲಿಯ ಮಣ್ಣಿನಿಂದಲೇ ಕೋಣೆಗಳನ್ನು ಕಟ್ಟಬಹುದಲ್ಲವೆ? ಗುಬ್ಬಿಯನ್ನು ತೆಗೆದುಕೊಳ್ಳೋಣ. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕಸಂಘವು ನಾಟಕರತ್ನ ವೀರಣ್ಣನವರ ಕೈಯಲ್ಲಿ ದಕ್ಷಿಣ ಹಿಂದೂಸ್ಥಾನವನ್ನೇ ಬೆರಗುಗೊಳಿಸಿತು. ಕುರುಕ್ಷೇತ್ರ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಪ್ರೇಕ್ಷಕರನ್ನು ಯುದ್ಧದ ನಡುವೆ ಕೂರಿಸಿತು. ಇಂದು ನ್ಯೂಯಾರ್ಕಿನವರು ಪ್ರೇಕ್ಷಕರನ್ನು ಕಥೆಯೊಳಗೆ ಮುಳುಗಿಸುವ ನಾಟಕವೆಂದು ಹೊಸ ಹೆಸರಿಟ್ಟು ಮೆರೆಸುತ್ತಿರುವುದರ ಒಂದು ಪಾಲನ್ನು ನಮ್ಮ ಕಂಪೆನಿಯವರು ಬಹುಹಿಂದೆಯೇ ಮಾಡಿ ತೋರಿಸಿದ್ದರು. ನಾಟಕ ಕಂಪೆನಿಯ ಬಣ್ಣದ ಮನೆಯನ್ನೇ ಒಗಟಿನ ಕೋಣೆಯನ್ನಾಗಿ ಮಾಡಲಿ. ಪರದೆ ಏಳುವುದಕ್ಕೆ ಎರಡೂವರೆ ಗಳಿಗೆ ಇದೆ, ದುರ್ಯೋಧನನ ಕಿರೀಟ ಕಾಣೆಯಾಗಿದೆ. ಹಾರ್ಮೋನಿಯಮ್ಮಿನ ಸ್ವರಗಳಲ್ಲಿ, ದೃಶ್ಯಗಳ ಅನುಕ್ರಮದಲ್ಲಿ, ಕರಪತ್ರದ ಅಕ್ಷರಗಳಲ್ಲಿ ಸುಳಿವುಗಳು ಅಡಗಿವೆ. ಇದನ್ನು ಆಡಿ ಹೊರಬಂದ ಬಾಲಕನಿಗೆ ವೃತ್ತಿರಂಗಭೂಮಿಯ ಇತಿಹಾಸವು ಪಾಠಪುಸ್ತಕದ ಹತ್ತು ಪುಟಗಳಿಗಿಂತ ಚೆನ್ನಾಗಿ ಮನಸ್ಸಿನಲ್ಲಿ ನಿಲ್ಲುವುದು.

ಕುಣಿಗಲ್ಲಿಗೆ ಅದರ ಕೆರೆಯೂ ಇದೆ, ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆಗಳೂ ಇವೆ. ನೀರುಗಂಟಿಯು ತೂಬನ್ನು ಎಷ್ಟು ಗಳಿಗೆ ತೆರೆದರೆ ಯಾವ ಗದ್ದೆಗೆ ನೀರು ಸಲ್ಲುವುದು, ಕೋಡಿ ಬೀಳುವ ಮುನ್ನ ಯಾವ ಕಾಲುವೆಯನ್ನು ಬಿಡಬೇಕು ಎಂಬ ಲೆಕ್ಕವೇ ಒಂದು ಅತ್ಯುತ್ತಮ ಒಗಟು. ನಮ್ಮ ಹಿರಿಯರು ನೀರನ್ನು ಹಂಚಿಕೊಂಡ ನ್ಯಾಯವೂ ಅದರಿಂದ ತಿಳಿಯುವುದು. ಅಶ್ವಶಾಲೆಯ ನೆಲದ ಮೇಲೆ ಅರುವತ್ತನಾಲ್ಕು ಮನೆಗಳನ್ನು ಬರೆದು, ಮುಮ್ಮಡಿಯವರ ಮೆಚ್ಚಿನ ಕುದುರೆಯ ನಡೆಯನ್ನು ಮಕ್ಕಳು ಕಾಲಿನಿಂದಲೇ ನಡೆದು ಬಿಡಿಸಲಿ. ತುಮಕೂರಿನಲ್ಲಿ ಹಳೆಯ ಕಾಲದ ಅಡಕೆಯ ಮಂಡಿಯೊಂದನ್ನು ಕಲ್ಪಿಸಿಕೊಳ್ಳೋಣ. ಮಣ ಸೇರುಗಳ ತೂಕ, ಕನ್ನಡದ ಅಂಕೆಗಳಲ್ಲಿ ಬರೆದ ಖಾತೆಯ ಪುಸ್ತಕ, ರೂಪಾಯಿ ಆಣೆ ಪೈಗಳ ಲೆಕ್ಕ. ಆಣೆಗೆ 12 ಪೈ, ರೂಪಾಯಿಗೆ 16 ಆಣೆ, ಆದುದರಿಂದ ಪೆಟ್ಟಿಗೆಯ ಬೀಗದ ಅಂಕೆ 192 ಎಂದು ಹುಡುಗಿಯೊಬ್ಬಳು ಕೂಗಿ ಹೇಳುವಾಗ, 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯವು ಬರುವುದಕ್ಕೆ ಮೊದಲು ಅವಳ ಮುತ್ತಜ್ಜನು ಹೇಗೆ ವ್ಯಾಪಾರ ಮಾಡುತ್ತಿದ್ದನೆಂಬುದೂ ಅವಳಿಗೆ ತಿಳಿದಿರುತ್ತದೆ. ಆ ಮುದುಕರಲ್ಲಿ ಇನ್ನೂ ಇರುವವರನ್ನು ಕರೆದು ಸುಳಿವುಗಳನ್ನು ಹೆಣೆಯಲು ಕುಳ್ಳಿರಿಸಿದರೆ ಎರಡು ತಲೆಮಾರುಗಳಿಗೂ ಅದರಿಂದ ಸಂತೋಷವು.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರುಂಟು. ಬೆಂಗಳೂರಿನ ಕೋಣೆಗಳಲ್ಲಿ ತಲೆಗೆ ನೂರಾರು ರೂಪಾಯಿಗಳನ್ನು ತೆರಬೇಕಾಗುವುದರಿಂದ ಕೂಲಿಕಾರನ ಮಗನಿಗೆ ಆ ಬಾಗಿಲು ತೆರೆಯುವುದೇ ಇಲ್ಲ. ಅವನು ಮೊದಲನೆಯ ಬೀಗದ ಮುಂದೆಯೇ ಸೋತವನು. ಆದರೆ ಒಗಟಿಗೆ ಬೇಕಾದುದು ನಾಲ್ಕು ಪೆಟ್ಟಿಗೆ, ಆರು ಅಂಕೆಯ ಬೀಗ, ಒಂದಷ್ಟು ಕಾಗದ ಮತ್ತು ಒಬ್ಬ ಉತ್ಸಾಹಿ ಉಪಾಧ್ಯಾಯ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಸರಕಾರದವರು ಅರಿವು ಕೇಂದ್ರಗಳೆಂಬ ಸುಂದರವಾದ ಹೆಸರನ್ನಿಟ್ಟಿದ್ದಾರೆ. ಆ ಕೇಂದ್ರಗಳಲ್ಲಿ, ಬಾಗಿಲನ್ನು ಹಾರುಹೊಡೆದೇ ಇಟ್ಟು, ಪೆಟ್ಟಿಗೆಯ ಬೀಗವನ್ನು ಮಾತ್ರ ಒಗಟಾಗಿಸಿ, ತಿಂಗಳಿಗೊಂದು ಭಾನುವಾರ ಈ ಆಟವನ್ನು ನಡೆಸಬಾರದೇಕೆ? ಪ್ರತಿಯೊಂದು ಸುಳಿವೂ ಕಪಾಟಿನ ಯಾವುದೋ ಒಂದು ಪುಸ್ತಕದಲ್ಲಿರಲಿ; ಧೂಳು ಹಿಡಿದ ಪುಸ್ತಕಗಳಿಗೆ ಓದುಗರು ತಾವಾಗಿಯೇ ದೊರೆಯುವರು. ಹಳೆಯ ಆಟಗಳಿಗೆ ಜನ ಬರುವುದಿಲ್ಲವೆಂಬ ಶಂಕೆಯುಳ್ಳವರು ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾಕೌಶಲ್ಯವೆಂಬ ಹೆಸರಿನಿಂದ ನಡೆಸಿರುವ ಮಣೆಯಾಟಗಳ ಪ್ರದರ್ಶನಗಳನ್ನು ನೋಡಿಬರಲಿ. ಚೌಕಾಬಾರ, ಅಳಗುಳಿಮಣೆ, ಹುಲಿಕಟ್ಟುಗಳು ಪುನಃ ಮನೆಗಳನ್ನು ಹೊಕ್ಕಿರುವುದಾದರೆ ಒಗಟುಗಳು ಹೊಗಲಾರವೆ?

ಹೆಸರಿನ ವಿಷಯದಲ್ಲಿಯೂ ಒಂದು ಸೂಚನೆ. ಎಸ್ಕೇಪ್ ರೂಮ್ ಎಂಬುದರಲ್ಲಿ ತಪ್ಪಿಸಿಕೊಂಡು ಓಡುವವನ ಭಾವವಿದೆ. ಒಗಟಿನ ಕೋಣೆ ಎಂದರೆ ಬಿಡಿಸುವವನ ಭಾವ ಬರುತ್ತದೆ. ಕನ್ನಡದಲ್ಲಿ ಒಗಟನ್ನೂ ಬಿಡಿಸುತ್ತೇವೆ, ಸೆರೆಯನ್ನೂ ಬಿಡಿಸುತ್ತೇವೆ, ಗಂಟನ್ನೂ ಬಿಡಿಸುತ್ತೇವೆ. ಒಂದೇ ಕ್ರಿಯಾಪದವು ಬುದ್ಧಿಗೂ ಬಿಡುಗಡೆಗೂ ಸಲ್ಲುವ ಭಾಷೆ ನಮ್ಮದು. ಈ ಆಟಕ್ಕೆ ಇದಕ್ಕಿಂತ ಒಪ್ಪುವ ಭಾಷೆಯನ್ನು ಬೇರೆಲ್ಲಿ ಹುಡುಕಬೇಕು?

ತರುಣರು ಆಡಲಿ, ಹಿರಿಯರು ನಗುವುದನ್ನು ಬಿಟ್ಟು ಅವರೊಡನೆ ಕೂಡಿ ಆಡಲಿ. ನಾಟಕದವರೂ ಉಪಾಧ್ಯಾಯರೂ ಗ್ರಂಥಪಾಲಕರೂ ಕೂಡಿ ನಮ್ಮ ಊರುಗಳ ಕಥೆಗಳನ್ನು ಒಗಟುಗಳಾಗಿ ಹೆಣೆಯಲಿ. ಅಧಿಕಾರಿಗಳು ಮಾತ್ರ ಇಂದೇ ಎದ್ದು, ರಾಜಕೋಟೆಯ ಬೂದಿಯನ್ನು ನೆನೆದು, ನಮ್ಮ ಜಿಲ್ಲೆಯ ಪ್ರತಿಯೊಂದು ವಿನೋದಸ್ಥಳದ ಹೊರಬಾಗಿಲನ್ನು ತಮ್ಮ ಕೈಯಿಂದಲೇ ತಳ್ಳಿ ನೋಡಲಿ. ಅದು ತೆರೆಯದಿದ್ದರೆ ಆ ಸ್ಥಳಕ್ಕೆ ಅವರು ಹಾಕಬೇಕಾದುದು ಒಂದೇ ಬೀಗ; ಅದನ್ನು ಹೊರಗಿನಿಂದ, ಒಳಗೆ ಯಾರೂ ಇಲ್ಲದಿರುವಾಗ ಹಾಕಬೇಕು.